ಬೆಳೆಯೋ ಮಗುವಿನ ಯುಕುಲೇಲಿ

ಜೂನ್ 6, ಶುಕ್ರವಾರ

ಬೆಳಿಗ್ಗೆಯಿಂದ ಬರೀ ಪ್ಯಾಂಟುಗಳು. ಕಾಲು ಗಿಡ್ಡ ಮಾಡು, ಸೊಂಟ ಬಿಗಿ ಮಾಡು. ಆಲ್ಟರೇಶನ್ ಅಂಗಡಿ ಇಟ್ಟುಕೊಂಡವಳ ಹಣೆಬರಹ — ಊರವರ ಬಟ್ಟೆಯೆಲ್ಲ ಮೈಗೆ ಸರಿಹೋಗಬೇಕು, ನನ್ನ ಮನೆಯಲ್ಲಿ ಮಾತ್ರ ಯಾವುದೂ ಯಾರಿಗೂ ಸರಿಯಿಲ್ಲ.

ಸಂಜೆ ಇವರು ಮಗಳಿಗೆ ಯುಕುಲೇಲಿ ತಂದರು. ಸ್ಕೂಲಿನಲ್ಲಿ ಈ ವರ್ಷ ಅವಳ ಕ್ಲಾಸಿಗೆ ಅದನ್ನೇ ಕಲಿಸುತ್ತಾರೆ. ಪುಟಾಣಿ ಗಿಟಾರಿನಂಥದ್ದು, ನಾಲ್ಕು ತಂತಿ. ಪುಟಾಣಿ ಅಂದೆನಾ? ಇವರು ತಂದದ್ದು ಇರುವುದರಲ್ಲೇ ಅತಿ ದೊಡ್ಡ ಸೈಜು. ಏಳು ವರ್ಷದ ಕೂಸು ಅದರ ಹಿಂದೆ ಕೂತರೆ ಎರಡು ಜಡೆ ಮಾತ್ರ ಕಾಣುತ್ತದೆ. ಅವಳನ್ನೂ ಕರೆದುಕೊಂಡು ಹೋಗಬಾರದಿತ್ತಾ ಅಂದೆ. ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು.

"ಬೆಳೆಯೋ ಮಗು ಕಣಮ್ಮ. ಸ್ವಲ್ಪ ದೊಡ್ಡದೇ ಇರ್ಲಿ."

ಈ ಮನೆಯ ಮಂತ್ರ ಇದು. ಯೂನಿಫಾರ್ಮ್ ದೊಡ್ಡದು, ಶೂ ದೊಡ್ಡದು, ರೇನ್‌ಕೋಟ್ ನೆಲ ಗುಡಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮಲ್ಲಿ ಹಾಸಿಗೆ ಮೊದಲು ಬರುತ್ತದೆ, ಕಾಲು ಆಮೇಲೆ ಬೆಳೆದುಕೊಳ್ಳಬೇಕು.

ಅದನ್ನು ಗೋಡೆಗೆ ಒರಗಿಸಿಟ್ಟೆ. ಇವರ ಮುಖದಲ್ಲಿ ಅಷ್ಟು ಖುಷಿ ಇತ್ತು.

ಜೂನ್ 19

ಮೆಣಸು ಗುನುಗುವುದನ್ನು ನಿಲ್ಲಿಸಿದ್ದಾಳೆ. ಸಣ್ಣಗಿದ್ದರೂ ಖಾರ ಅಂತ ಮಗಳಿಗೆ ನಾನೇ ಇಟ್ಟ ಹೆಸರು. ಬಾಯಲ್ಲಿ ಬ್ರಷ್ ಇದ್ದರೂ ಹಾಡುತ್ತಿದ್ದ ಹುಡುಗಿ, ಹಲ್ಲುಜ್ಜಿ ಮಾತಿಲ್ಲದೆ ಹೊರಗೆ ಬಂದಳು. ಮೂರು ದಿನದಿಂದ ಹೀಗೇ. ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಏನೋ ಇದೆ...

ಜೂನ್ 24, ಸಂಜೆ

ಅಂಗಡಿಗೆ ಬೀಗ ಹಾಕಿ ಸ್ಕೂಲಿಗೆ ಹೋಗಿಬಂದೆ.

ಮ್ಯೂಸಿಕ್ ಮಿಸ್ ಅವಳನ್ನು ಕೊನೆಯ ಸಾಲಿಗೆ ಹಾಕಿದ್ದಾರೆ. ತಂತಿ ಮುಟ್ಟದೆ ಸುಮ್ಮನೆ ಕೈ ಆಡಿಸಬೇಕಂತೆ. ಸ್ಕೂಲ್ ಡೇ ದಿನವೂ ಅಷ್ಟೇ. ಎಲ್ಲರೂ ಒಂದೇ ಕಡೆ ಬೆರಳಿಟ್ಟರೂ ಇವಳದ್ದೊಂದೇ ಬೇರೆ ಸ್ವರ ಬರುತ್ತದಂತೆ.

"ಮಗುಗೆ ಸಂಗೀತದ ಕಿವಿ ಇಲ್ಲ. ಬೇಜಾರ್ ಮಾಡ್ಕೋಬೇಡಿ, ಎಲ್ಲರಿಗೂ ಎಲ್ಲಾ ಬರಲ್ಲ."

ಕಿವಿ ಇಲ್ಲವಂತೆ! ನನ್ನ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಯೇ ಎಣ್ಣೆ ಹಾಕಮ್ಮ ಅನ್ನುವವಳಿಗೆ.

ಮನೆಯಲ್ಲಿ ಹೇಳಿದರೆ ಅತ್ತೆಯ ಗಾದೆ ಸಿದ್ಧ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾದ್ಯಕ್ಕೇನಾಗಿದೆ, ಗುಂಡುಕಲ್ಲಿನ ಹಾಗಿದೆ ಅಂದರು. ಇವರು ಪೇಪರಿನ ಹಿಂದೆ. ಮಗಳು ಎಲ್ಲ ಕೇಳಿಸಿಕೊಳ್ಳುತ್ತ ಮೂಲೆಯಲ್ಲಿ. ಕಾಫಿ ಲೋಟವನ್ನು ಕುಕ್ಕಿಯೇ ಇಟ್ಟೆ.

ಜೂನ್ 28, ಶನಿವಾರ

ಆ ದೈತ್ಯನನ್ನು ಹೆಗಲಿಗೇರಿಸಿ, ಮಗಳ ಕೈ ಹಿಡಿದು, ಕೊಂಡ ಅಂಗಡಿಗೇ ಹೋದೆ. ಅಂಗಡಿಯವನು ನೋಡಿದ ಕೂಡಲೇ ಹೇಳಿದ: ಈ ಸೈಜಿನ ಶ್ರುತಿಯೇ ಬೇರೆ, ಚಿಕ್ಕದರಲ್ಲಿ ಇಟ್ಟ ಹಾಗೇ ಬೆರಳಿಟ್ಟರೆ ಬೇರೆ ಸ್ವರವೇ ಬರುವುದು.

ಹಾಗಾದರೆ ನೆಲವೇ ಡೊಂಕು. ಮಗಳು ಸರಿಯಾಗಿಯೇ ಕುಣಿದಿದ್ದಾಳೆ. ಮ್ಯೂಸಿಕ್ ಕಲಿಸುವವರಿಗೆ ಇಷ್ಟೂ ಗೊತ್ತಾಗಬೇಡವೇ?

ಮಾರುವಾಗ ಬಾಯಿಗೇನು ಬಡಿದಿತ್ತು ಅಂತ ಅವನ ಮೇಲೂ ಹರಿಹಾಯ್ದೆ. ಹೇಳಿದ್ದನಂತೆ. ಮಗುವನ್ನು ಕರೆದುಕೊಂಡು ಬನ್ನಿ ಅಂದಿದ್ದನಂತೆ. ಬೆಳೆಯೋ ಮಗು, ದೊಡ್ಡದೇ ಕೊಡಿ ಅಂದರಂತೆ ಇವರು.

ಚಿಕ್ಕವನ್ನು ಸಾಲಾಗಿ ಇಟ್ಟ. ಮೆಣಸು ಒಂದೊಂದನ್ನೂ ಎದೆಗವುಚಿ ನೋಡಿದಳು. ಒಂದು, ಕಂದು ಬಣ್ಣದ್ದು, ಅಳತೆ ತೆಗೆದು ಹೊಲಿದಂತೆ ಕೂತಿತು. ಬೆರಳು ತಾನಾಗಿ ತಂತಿಗೆ ಹೋಯಿತು. ಒಂದೇ ಸಲ ಮೀಟಿದಳು. ಮುಖ ಅರಳಿತು — ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟುಬಿಟ್ಟಳು.

"ಬೇಡಮ್ಮ. ಇದು ಬೇಗ ಚಿಕ್ಕದಾಗುತ್ತೆ."

ಯಾಕೋ ಅವಳ ಕಾಲು ನೋಡಿದೆ. ತುದಿಗೆ ಹತ್ತಿ ತುರುಕಿದ ಶೂ. ತಂದವಳು ನಾನು. ತುರುಕಿದವಳೂ ನಾನೇ. ಮಿಸ್ ಮೇಲೆ, ಅತ್ತೆ ಮೇಲೆ, ಇವರ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಹತ್ತಿ ಕಿತ್ತು ಬಿಸಾಡಿದೆ. ಅಂಗಡಿಯವನು ಬೆಪ್ಪಾಗಿ ನೋಡಿದ.

"ಚಿಕ್ಕದಾದ್ರೆ ಆಗ್ಲಿ. ನೀನು ಈಗ ನುಡ್ಸು."

ಕಂದು ಬಣ್ಣದ್ದನ್ನೇ ಕೊಂಡೆ. ದಾರಿಯಲ್ಲಿ ಅವಳ ಕಾಲಿನಷ್ಟೇ ಉದ್ದದ ಶೂ. ದೊಡ್ಡ ಯುಕುಲೇಲಿಯನ್ನು ವಾಪಸ್ ತಗೊಳ್ಳಲ್ಲ ಅಂದಿದ್ದ ಅಂಗಡಿಯವನು. ಇವರಿಗಿರಲಿ, ಇವರೂ ಸ್ವಲ್ಪ ಬೆಳೆಯಲಿ.

ಜೂನ್ 29, ಭಾನುವಾರ, ಬೆಳಿಗ್ಗೆ

ಅತ್ತೆ ಮಾತು ಬಿಟ್ಟಿದ್ದಾರೆ. ಇವರು ದೊಡ್ಡದನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ಮಾಡಿದ ಹುಡುಗನ ಹಾಗೆ ಟೊಂಯ್ ಟೊಂಯ್ ಅನ್ನಿಸುತ್ತಿದ್ದಾರೆ. ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವುದೂ ಇಲ್ಲ, ನಾಳೆ ಮಿಸ್ ಹತ್ತಿರ ಹೋಗುವವರೆಗಾದರೂ ಬೇಕು. ಮಗಳನ್ನು ಕೊನೆಯ ಸಾಲಿನಿಂದ ಎಬ್ಬಿಸದೆ ಬಂದರೆ ಕೇಳಿ.

ಬಚ್ಚಲಲ್ಲಿ ನಲ್ಲಿಯ ಸದ್ದು. ಮೆಣಸು ಹಲ್ಲುಜ್ಜುತ್ತಿದ್ದಾಳೆ. ನಲ್ಲಿ ನಿಂತಿತು. ಬ್ರಷ್ ಇನ್ನೂ ಬಾಯಲ್ಲೇ ಇರಬೇಕು, ಆದರೂ ಸಣ್ಣಗೊಂದು ಗುನುಗು —