ಒತ್ತು ಎಲ್ಲಿಗೆ

ಮೂಡಬಿದಿರೆ
೧೪-೧೧-೧೯೫೮

ಬೆಳ್ತಂಗಡಿ ಶಾಲೆಯ ಕನ್ನಡ ಪಂಡಿತರಾದ ನನ್ನ ಯಜಮಾನರಿಗೆ, ಮನೆಯವಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಬಸ್ಸು ಹತ್ತಿದೆನಲ್ಲ, ಅದು ಸುಳ್ಳು. ಅಮ್ಮ ಗಟ್ಟಿಯಾಗಿದ್ದಾರೆ. ತಲೆ ಕೆಟ್ಟದ್ದು ನನಗೆ.

ಇಗರ್ಜಿಯ ಇಟಲಿ ಪಾದ್ರಿಗಳಿಗೆ ನೀವು ಕನ್ನಡ ಕಲಿಸುವುದು, ಅವರು ನಿಮಗೆ ಇಟಾಲಿಯನ್ ಕಲಿಸುವುದು, ಒಳ್ಳೆಯದೇ. ಆದರೆ ಮನೆಯಲ್ಲಿ ಬೆಳಗಾದರೂ ಕ್ರಿಯಾಪದ, ದೀಪ ಹಚ್ಚಿದರೂ ಕ್ರಿಯಾಪದ. ಹಲ್ಲುಜ್ಜುವಾಗಲೂ ಪಾರ್-ಲ-ನೋ, ‘ಅವರು ಮಾತಾಡುತ್ತಾರೆ’. ಹೇಳುವಾಗ ಸ್ವರದ ಒತ್ತು ಮೊದಲಿನ ಅಕ್ಷರಕ್ಕೆ, ನಡುವಿನದ್ದಕ್ಕೆ ಕೊಟ್ಟರೆ ತಪ್ಪು ಎಂದು ತೊಡೆ ತಟ್ಟಿಕೊಂಡು ಹೇಳುತ್ತೀರಿ. ಸಾರಿಗೆ ಉಪ್ಪು ಹಾಕದಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ‘ಪಾರ್ಲಾರೆ’, ಅಂದರೆ ‘ಮಾತಾಡುವುದು’, ಎನ್ನುವಾಗ ಅದೇ ಒತ್ತು ನಡುವಿಗೆ ಹೇಗೆ ಜಾರಿತು ಎಂದು ಗಂಜಿ ಆರುವವರೆಗೆ ಯೋಚನೆ. ನಮ್ಮ ಬೆಕ್ಕಿಗೂ ಆ ಪಾಠ ಬಾಯಿಗೆ ಬಂದಿರಬೇಕು.

ಅದನ್ನೂ ಸಹಿಸಿದೆ. ಭಾನುವಾರ ಪಾದ್ರಿಗಳು ಊಟಕ್ಕೆ ಬಂದರು. ನಾನು ನೀರುದೋಸೆ ಬಡಿಸುವಾಗ, ನಿಮ್ಮ ಹೆಂಡತಿಯ ಹೆಸರೇನು ಎಂದು ಮರ್ಯಾದೆಯಿಂದ ಕೇಳಿದರು. ನೀವು ತಲೆ ಎತ್ತಲಿಲ್ಲ. ಹೆಸರೆಲ್ಲ ಎಂತಕ್ಕೆ, ಮನೆಯವಳು ಅಂದರೆ ಸಾಕು ಎಂದು ಹೇಳಿ ಮತ್ತೆ ಪಾರ್ಲನೋ ಶುರು ಮಾಡಿದಿರಿ. ಕಾವಲಿಯನ್ನು ಒಲೆಯ ಮೇಲೆಯೇ ಬಿಟ್ಟು ಹೊರಡುವ ಅನ್ನಿಸಿತು ನನಗೆ.

ಮದುವೆಯಾದಂದಿನಿಂದ ‘ಏ’, ‘ಇಗೊ’, ‘ಕೇಳಿತಾ’, ಇಷ್ಟೇ ನನ್ನ ಹೆಸರು. ಗಂಡ ಹೆಂಡತಿಯ ಹೆಸರು ಕರೆಯುವ ಪದ್ಧತಿ ನಿಮ್ಮ ಮನೆಯಲ್ಲಿ ಇಲ್ಲ, ಗೊತ್ತು ಮಾರಾಯರೆ. ಆದರೆ ಯಾವುದೋ ದೇಶದ ಮಾತನ್ನು ಅಕ್ಷರ ಅಕ್ಷರ ಬಿಡಿಸಿ, ತೂಗಿ, ತಪ್ಪಿಲ್ಲದೆ ಹೇಳುವ ಬಾಯಿಗೆ ನನ್ನ ನಾಲ್ಕು ಅಕ್ಷರ ಭಾರವಾಯಿತೇ? ನನಗೆ ಬೇಸರವಾಗಿದೆ. ನಿಜವಾಗಿ ಬೇಸರವಾಗಿದೆ.

ನನ್ನನ್ನು ಕಳಿಸಿಕೊಡಿ ಎಂದು ಅಣ್ಣನಿಗೆ ಕಾಗದ ಹಾಕಬೇಡಿ. ನೀವೇ ಬನ್ನಿ. ನಮ್ಮ ಜಗಲಿಯ ಎದುರು ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ನನ್ನನ್ನು ಹೆಸರು ಹಿಡಿದು ಕರೆಯಿರಿ. ಒತ್ತು ಎಲ್ಲಿ ಬೇಕಾದರೂ ಕೊಡಿ, ನಾನು ತಿದ್ದುವುದಿಲ್ಲ. ಕರೆಯದಿದ್ದರೆ ನಾನು ಬರುವುದೂ ಇಲ್ಲ.

ಇಂತು,
ಶಶಿಪ್ರಭಾ

ವಿ.ಸೂ.: ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯಲು ಯಾವಾಗಲೂ ಅಣ್ಣನ ಕೈಗೆ ಕೊಡುತ್ತಿದ್ದೆ. ಇವತ್ತು ನಾನೇ ಬರೆದೆ. ಬರೆಯುವ ಮೊದಲು ಅಡುಗೆಕೋಣೆಯ ಬಾಗಿಲು ಹಾಕಿಕೊಂಡು ಬಾಯಿಬಿಟ್ಟು ಹೇಳಿಯೂ ನೋಡಿದೆ: ಕಮಲಾಕ್ಷ. ನಾಲಗೆಯೇನೂ ಬಿದ್ದುಹೋಗಲಿಲ್ಲ. ಇನ್ನೊಮ್ಮೆ ಹೇಳುವ ಅಂತ ಕಂಡಿತು, ಹೇಳಿದೆ.