ಅಪ್ಪನ ಪಾಲಿನ ಸೂಜಿ

ಲಜ್ಹರ್,

ಹನ್ನೊಂದಕ್ಕೆ ಅಪ್ಪನಿಗೆ ನೆಬ್ಯುಲೈಸರ್ ಹಿಡಿ. ಮೇಲುಸಿರು ಬಂದರೆ ರೇಡಿಯೊದಲ್ಲಿ ಕುರಾನ್ ಪಠಣ ಹಚ್ಚು, ಓದುವವರ ಉಸಿರಿನ ಜತೆಗೆ ಅವರದೂ ಇಳಿಯುತ್ತದೆ. ನಿನ್ನನ್ನು ಬೀಳ್ಕೊಡಲು ಬರುವವರನ್ನೆಲ್ಲ ಅಂಗಳದಲ್ಲೇ ಕೂರಿಸು. ಕೆಮ್ಮುವವರು ಅಪ್ಪನ ಕೋಣೆಗೆ ಕಾಲಿಡಕೂಡದು.

ನಾನು ಅಪ್ಪನ ಲಸಿಕೆ ಹುಡುಕಿಕೊಂಡು ಸೂಸ್ ಪಟ್ಟಣಕ್ಕೆ ಹೋಗುತ್ತಿದ್ದೇನೆ. ನಮ್ಮೂರು ಕೈರವಾನಿನಲ್ಲಿ ಫ್ಲೂ ಲಸಿಕೆ ಮುಗಿದಿದೆ. ಔಷಧಿ ಅಂಗಡಿಯ ನಜೀಹಾ ಪಟ್ಟಿ ತೆಗೆದು ತೋರಿಸಿದಳು. "ನಿಮ್ಮಪ್ಪನ ಹೆಸರಲ್ಲಿ ತೆಗೆದಿಟ್ಟಿದ್ದು ಕೊಟ್ಟಾಯ್ತಲ್ಲಮ್ಮ! ನಿನ್ ತಮ್ಮ ಬಂದು, ಉಮ್ರಾ ಯಾತ್ರೆಗೆ ಹೊರಟಿದ್ದೀನಿ, ಅಪ್ಪಂದು ನಂಗೇ ಹಾಕಿ ಅಂತ ಇಲ್ಲೇ ಚುಚ್ಚಿಸ್ಕೊಂಡು ಹೋದ."

ಅಲ್ಲಿನ ಜನಜಂಗುಳಿಯಲ್ಲಿ ನಿನಗೂ ಬೇಕು, ಒಪ್ಪಿದೆ. ಆದರೆ ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಗದ ಮುದುಕರದೇ ಆಗಬೇಕಿತ್ತೇ?

ನಿನ್ನೆ ನೀನು ಯಾತ್ರೆಗೆ ಹೊರಡುವವರ ವಾಡಿಕೆಯಂತೆ ಅವರ ಕೈಗೆ ಮುತ್ತಿಟ್ಟು, "ಅಪ್ಪಾ, ಏನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸಿಬಿಡು" ಅಂದೆ. "ನೀನೇನು ತಪ್ಪು ಮಾಡ್ತೀಯೋ ಹುಚ್ಚಪ್ಪಾ, ಕ್ಷಮಿಸಿದೆ ಹೋಗು" ಅಂತ ಅವರು ಅತ್ತರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ತಾವು ಕ್ಷಮಿಸಿದ್ದು ಏನನ್ನೆಂದು ಅವರಿಗೆ ಗೊತ್ತೇ ಇಲ್ಲ.

ಯಾತ್ರೆಗೆ ನೀನು ಉಡುವ ಇಹ್ರಾಮಿನ ಬಿಳಿ ಬಟ್ಟೆ ಒಗೆದು ಮಂಚದ ಮೇಲಿಟ್ಟಿದ್ದೇನೆ. ನಾಳೆ ಅದನ್ನು ಉಡುವ ಮೊದಲು ಅಪ್ಪನ ಪಕ್ಕ ಕುಳಿತು, ಸೂಜಿಯ ವಿಷಯ ಬಾಯಿಬಿಟ್ಟು ಹೇಳಿ ಮತ್ತೊಮ್ಮೆ ಕ್ಷಮೆ ಕೇಳು. ಅವರು ಆಗಲೂ ಕ್ಷಮಿಸುತ್ತಾರೆ, ನನಗೆ ಗೊತ್ತು.

ನನ್ನನ್ನು ಮಾತ್ರ ಈಗ ಕೇಳಬೇಡ. ಅವರು ಈ ಚಳಿಗಾಲ ದಾಟಲಿ, ಆಮೇಲೆ ಕೇಳು.

ಮಬ್ರೂಕಾ