ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನವೆಂಬರ್ 16, ಭಾನುವಾರ. ಬೆಳಿಗ್ಗೆ

ಇವತ್ತೂ ನೂಕಿಯೇ ಎಬ್ಬಿಸಬೇಕಾಯಿತು. ಚಳಿ ಬಿತ್ತೆಂದರೆ ನಮ್ಮ ಡೀಸೆಲ್ ಪಿಕಪ್ಪಿಗೆ ಏಳುವ ಮನಸ್ಸೇ ಇರುವುದಿಲ್ಲ. ಓಣಿಯವರೆಲ್ಲ ಕೈ ಹಚ್ಚಿ ಇಳಿಜಾರಿನ ತನಕ ತಂದರು. ಕೆಮ್ಮಿತು. ಹೊಗೆ ಕಾರಿತು. ಎದ್ದಿತು. ನನ್ನ ಗಂಡನ ಮುಖದಲ್ಲಿ ತಾವೇ ಹೆತ್ತಷ್ಟು ಹಿಗ್ಗು.

ಮೈದುನ ಮಹೇಶ ಕೈ ಒರೆಸಿಕೊಳ್ಳುತ್ತ ಶುರು ಮಾಡಿದ.

“ಅಣ್ಣಾ, ಕರೆಂಟಿನ ಪಿಕಪ್ ಆದ್ರ ಗುಂಡಿ ಒತ್ತೂದಷ್ಟೇ ಕೆಲಸ.”

“ಒತ್ತಾಕ ಊರಾಗ ಕರೆಂಟ್ ಇರಬೇಕಲ್ಲೋ.”

“ನೀ ಮೊಬೈಲ್ ಚಾರ್ಜ್ ಮಾಡ್ಕೊಳ್ಳಂಗಿಲ್ಲೇನು?”

“ಮೊಬೈಲಿನ ಮ್ಯಾಲ ತೊಗರಿ ಚೀಲ ಹೇರ್ತಿ ಏನ್ಲೇ?”

ದೀಪಾವಳಿಯಿಂದ ಇದೇ. ಚಹಾಕ್ಕೆ ಕೂತರೆ ಬ್ಯಾಟರಿ, ಊಟಕ್ಕೆ ಕೂತರೆ ಲೋಡು. ಇಬ್ಬರೂ ಹೇಳಿದ್ದನ್ನೇ ಹೇಳುತ್ತಾರೆ. ಇಬ್ಬರೂ ಮೊದಲ ಸಲ ಕೇಳಿದಂತೆ ಸಿಟ್ಟಾಗುತ್ತಾರೆ. ಮಧ್ಯಾಹ್ನ ಕವಿತೆಯ ಪುಸ್ತಕ ಹಿಡಿದರೆ ಎರಡು ಸಾಲಿನ ನಡುವಿನ ಖಾಲಿ ಜಾಗದಲ್ಲೂ ‘ಟಾರ್ಕ್’ ಎಂಬ ಶಬ್ದ ಬಂದು ಕೂರುತ್ತದೆ. ಅದೇನೆಂದು ನನಗೆ ಗೊತ್ತಿಲ್ಲ. ಮಹೇಶನಿಗೂ ಗೊತ್ತಿದೆ ಎಂದು ಅನ್ನಿಸುವುದಿಲ್ಲ.

ಅತ್ತ ರೊಟ್ಟಿ ತಡವಾಯಿತು. ಗಾಣಗಾಪುರದ ಖಾನಾವಳಿ ಜಗದೇವಪ್ಪನವರ ಫೋನು ನನಗೆ. ಬೈಗಳೂ ನನಗೇ. ರೊಟ್ಟಿ ಬಡಿಯುವವರು ಓಣಿಯ ಹೆಂಗಸರು, ಆರ್ಡರ್ ಹಿಡಿದವಳು ನಾನು. ಗಾಡಿ ಮಾತ್ರ ಗಂಡಸರ ಕೈಯಲ್ಲಿ. ಅವರಿಗೆ ಪುರಸೊತ್ತಾದಾಗ ನಮ್ಮ ರೊಟ್ಟಿಗೆ ಪಯಣ.

ನವೆಂಬರ್ 18, ಮಂಗಳವಾರ

ಅಣ್ಣತಮ್ಮ ಸೇರಿ ಅತ್ತೆಯನ್ನೂ ವಾದಕ್ಕೆ ಎಳೆದು ತಂದರು. “ಯವ್ವಾ, ನೀನೇ ಹೇಳು, ಹಳೇದು ಚಲೋನೋ ಹೊಸಾದು ಚಲೋನೋ?”

ಅತ್ತೆ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ನನ್ನ ಲಗ್ನದಾಗೂ ಹಿಂಗೇ ಆತು. ನನ್ನ ಎತ್ತಿನ ಗಾಡಿಯಾಗ ಕರಕೊಂಡ ಹೋಗೂದೋ ಟಾಂಗಾದಾಗೋ ಅಂತ ನಿಮ್ಮಪ್ಪ, ನಿಮ್ಮ ಕಾಕಾ ಹೊತ್ತ ಮುಳಗೂತನಾ ಜಗಳಾಡಿದ್ರು. ನಾ ನಡಕೋತ ಬಂದುಬಿಟ್ಟೆ.”

ಯಾರೂ ನಗಲಿಲ್ಲ. ನಾನು ಒಳಗೆ ಹೋಗಿ ನಕ್ಕೆ.

ನವೆಂಬರ್ 24, ಸೋಮವಾರ. ಸಂಜೆ

ಕಲಬುರಗಿ ಶೋರೂಮು. ಹೋಗುವ ಮನಸ್ಸಿರಲಿಲ್ಲ, ಪುಸ್ತಕದಂಗಡಿಗೆ ಹೋಗಿ ಬರಬಹುದೆಂದು ಹೊರಟೆ.

ಟೈ ಕಟ್ಟಿದವನೊಬ್ಬ ಇವರಿಗೂ ಮಹೇಶನಿಗೂ ಎಲ್ಲ ಹೇಳಿದ. ಸ್ಕ್ರೀನು, ಆ್ಯಪು, ಬ್ರೇಕ್ ಹಾಕಿದರೆ ತಾನೇ ಚಾರ್ಜ್ ಆಗುವುದು. ಕೊನೆಗೆ ನನ್ನ ಕಡೆ ತಿರುಗಿ, “ಮೇಡಂ, ನಿಮಗ ಇದರಾಗ ಹಾಡು ಭಾಳ ಚಂದ ಕೇಳಸ್ತಾವ್ರಿ” ಅಂದ.

ಅವರು ಮೂವರೂ ಬಾನೆಟ್ಟಿನ ಮುಂದೆ ನಿಂತು ವಾದಕ್ಕೆ ಬಿದ್ದಾಗ ನಾನು ಡ್ರೈವರ್ ಸೀಟಿನಲ್ಲಿ ಕೂತೆ. ನಿಂತು ಕಾಲು ನೋಯುತ್ತಿತ್ತು, ಅಷ್ಟೇ. ಬಲಗಾಲಿಗೆ ಎರಡು ಪೆಡಲು ಸಿಕ್ಕವು. ಎಡಗಾಲು ತನ್ನದನ್ನು ಹುಡುಕಿತು. ಆಚೆ, ಈಚೆ. ಇಲ್ಲ. ಬಗ್ಗಿ ನೋಡಿದೆ. ಕ್ಲಚ್ಚೇ ಇಲ್ಲ.

ಎದೆ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ಒಂದು ಪೆಡಲು ಇಲ್ಲದ್ದಕ್ಕೆ.

ತೊಗರಿ ರಾಶಿಯ ದಿನ ಚೀಲಗಳ ಮೇಲಿಂದ ಬಿದ್ದು ಹಿಮ್ಮಡಿಗೆ ರಾಡು ಹಾಕಿಸಿಕೊಂಡ ಮೇಲೆ ಎಡಪಾದ ಬಗ್ಗುವುದಿಲ್ಲ. ಅದಕ್ಕೂ ಮುಂಚೆ ಇದೇ ಡೀಸೆಲ್ ಗಾಡಿಯನ್ನು ನಾನೇ ಆಳಂದದ ತನಕ ಹೊಡೆದುಕೊಂಡು ಹೋಗುತ್ತಿದ್ದೆ. ಎಂ.ಎ. ಓದುವಾಗ ತೆಗೆಸಿದ ಲೈಸನ್ಸು. ಅವಧಿ ಮುಗಿದಾಗಲೆಲ್ಲ ರಿನ್ಯೂ ಮಾಡಿಸುತ್ತೇನೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಿಲ್ಲ.

ದಾರಿಯುದ್ದಕ್ಕೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಕಾಲೂ ಅವರ ವಾದದಲ್ಲಿ ಒಂದು ಪಾಯಿಂಟ್ ಆಗುತ್ತದೆ. ಮಹೇಶ ಅದನ್ನು ಎತ್ತಿ ಹಿಡಿಯುತ್ತಾನೆ, ಇವರು ಕೆಡವುತ್ತಾರೆ... ಬೇಡ.

ಪುಸ್ತಕದಂಗಡಿಗೆ ಹೋಗುವುದು ಮರೆತೇಹೋಯಿತು.

ಡಿಸೆಂಬರ್ 2, ಮಂಗಳವಾರ

ಮೂರು ದಿನದ ಟ್ರಯಲ್ಲಿಗೆ ಶೋರೂಮಿನವರು ಡೆಮೊ ಗಾಡಿ ಕೊಟ್ಟಿದ್ದಾರೆ. ಮಹೇಶ ನಸುಕಿನಲ್ಲೇ ಮಿಂದು ನಿಂಬೆಹಣ್ಣು ಇಟ್ಟು ಹೊರಟ. ಮದುಮಗ.

ಮುಂದಿನದನ್ನು ಬರೆಯಲಿಕ್ಕೂ ತಲೆ ಸಿಡಿಯುತ್ತದೆ.

ಓಣಿಯ ಹೆಂಗಸರು ಖಡಕ್ ರೊಟ್ಟಿಯನ್ನು ಒಲೆಯ ಪಕ್ಕವೇ ಒಟ್ಟಿಟ್ಟಿರುತ್ತಾರೆ. ಹೊರಗೆ ತಂದಿಟ್ಟರೆ ಇಬ್ಬನಿಗೆ ಮೆತ್ತಗಾಗುತ್ತವೆ. ನಮ್ಮ ಹಳೇ ಗಾಡಿ ಹುಣಸೆಮರದ ತಿರುವಿನಲ್ಲಿ ಗೇರು ಬದಲಿಸಿ ಗುರ್ರ್ ಎನ್ನುತ್ತದಲ್ಲ, ಆ ಸದ್ದಿಗೆ ಎದ್ದು, ಬುಟ್ಟಿಗೆ ತುಂಬಿ, ಬಟ್ಟೆ ಸುತ್ತಿ, ಬಾಗಿಲಿಗೆ ಬರುವುದು ರೂಢಿ. ವರ್ಷಗಳ ರೂಢಿ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇವತ್ತು ಆ ಸದ್ದು ಬರಲಿಲ್ಲ. ಗಾಡಿ ಬಂತು. ನಿಂತಿತು. ಹೋಯಿತು.

ಗಾಣಗಾಪುರಕ್ಕೆ ಮುಟ್ಟಿದ್ದು ಅರ್ಧ ಮಾಲು.

ಜೀನತ ಬುಟ್ಟಿ ಹೊತ್ತುಕೊಂಡೇ ಅಂಗಳಕ್ಕೆ ಬಂದಳು. ನನ್ನ ಜೊತೆ ಮೊದಲ ದಿನದಿಂದ ರೊಟ್ಟಿ ಬಡಿದವಳು, ಯಾರಿಗೂ ಹೆದರುವವಳಲ್ಲ. “ಏನ್ರೀ ಮಹೇಶಣ್ಣಾ, ಬೆಕ್ಕಿನಂಗ ಬಂದು ಬೆಕ್ಕಿನಂಗ ಹೋದ್ರ ನಮಗ ಹ್ಯಾಂಗ ತಿಳೀಬೇಕ್ರಿ? ನಾ ಒಲಿ ಮುಂದ ಕುಂತು ಕಾದೇ ಕಾದೆ.”

“ಹಾರ್ನ್ ಹೊಡದೇನಿ, ಜೀನತ.”

“ಹಾರ್ನ್ ಎಲ್ಲಾರೂ ಹೊಡೀತಾರ. ಗುಜರಿಯವನೂ ಹೊಡೀತಾನ. ಅವಂಗ ರೊಟ್ಟಿ ಕೊಡ್ಲೇನು?”

ಇವರು ಕಟ್ಟೆಯ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕರು. ಅರ್ಧ ಮಾಲು ಉಳಿದದ್ದಕ್ಕೆ! ನಷ್ಟ ನಮ್ಮದು, ಗೆಲುವು ಇವರದು.

ಡಿಸೆಂಬರ್ 3, ಬುಧವಾರ

ಇವತ್ತು ಇವರ ಸರದಿ. ಹಳೇ ಗಾಡಿ. ಸದ್ದಿಗೆ ಇಡೀ ಓಣಿ ಬಾಗಿಲಿಗೆ ಬಂತು. ಎಲ್ಲ ಬುಟ್ಟಿ ಏರಿತು. ಇವರು ಮೀಸೆ ತಿರುವಿ ಹೊರಟರು.

ಮಧ್ಯಾಹ್ನ ಜಗದೇವಪ್ಪನವರ ಫೋನು. “ಶೈಲಶ್ರೀಯವರೇ, ನಾ ರೊಟ್ಟಿ ಕೇಳಿದ್ದೆ. ನೀವು ಚೂರು ಕಳಿಸೀರಿ. ಹಿಟ್ಟು ಮಾಡೇ ಕಳಿಸಿದ್ರ ಇನ್ನೂ ಚಲೋ ಇತ್ತು.”

ಚೌಡಾಪುರದ ಆಚೆ ರಸ್ತೆ ಕೆಟ್ಟಿದೆಯಂತೆ. ಗಾಡಿಯ ಪಾಟಾ, ಅದೇ ಕೆಳಗಿನ ಸ್ಪ್ರಿಂಗ್ ಪಟ್ಟಿ, ಜಡವಾಗಿ ಎಷ್ಟೋ ದಿನವಾಯಿತು, ಹಿಂದಿನ ಮಾಲೆಲ್ಲ ಕುಣಿಯುತ್ತದೆ. ಮಹೇಶನ ಗಾಡಿಯಲ್ಲಿ ಹೋದ ಅರ್ಧದಲ್ಲಿ ಒಂದೂ ಮುರಿದಿರಲಿಲ್ಲ.

ಫೋನಿಡುವ ಮುಂಚೆ ಅವರು ತಣ್ಣಗೆ ಹೇಳಿದ್ದು: “ನಾಳೆ ದತ್ತ ಜಯಂತಿ. ಭಕ್ತರು ಬರ್ತಾರ. ಊಟದ ಹೊತ್ತಿಗಿ ಪೂರಾ ರೊಟ್ಟಿ, ಇಡೀ ರೊಟ್ಟಿ ಬರಲಿಲ್ಲಂದ್ರ ನನ್ನ ಮ್ಯಾಲ ಬೇಜಾರ ಮಾಡ್ಕೋಬ್ಯಾಡ್ರಿ. ಅಫಜಲಪುರದಾಗ ಒಬ್ಬಾಂವ ರೊಟ್ಟಿ ಮಷೀನ್ ಹಾಕ್ಯಾನ. ಅವನ ಕಡಿಂದ ತರಸ್ತೇನಿ. ನಾಳಿಂದ, ಕಾಯಂ.”

ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಇಬ್ಬರಿಗೂ.

ಮಹೇಶ: “ನೋಡು ಅಣ್ಣಾ, ನಿನ್ನ ಗಾಡಿ ರೊಟ್ಟಿ ಮುರೀತು.”

ಇವರು: “ನಿನ್ನ ಗಾಡಿ ರೊಟ್ಟಿ ತರಲೇ ಇಲ್ಲ.”

ಪಾಟಾ, ಬ್ಯಾಟರಿ, ಪಾಟಾ, ಬ್ಯಾಟರಿ. ನಾನು ಎದ್ದು ಕೈ ತೊಳೆದುಕೊಂಡೆ. ಓಣಿಯ ಅಷ್ಟೂ ಒಲೆಗಳ ಮಾತು ಹೇಳಿದ್ದೆ. ಇಬ್ಬರಿಗೂ ಕೇಳಿಸಿದ್ದು ಗಾಡಿಗಳ ಮಾತು.

ಡಿಸೆಂಬರ್ 4, ಗುರುವಾರ. ಗಾಣಗಾಪುರ, ಮಧ್ಯಾಹ್ನ

ಖಾನಾವಳಿಯ ಹಿಂದಿನ ಅಂಗಳ. ಬೇವಿನ ನೆರಳು. ಡೈರಿ ಚೀಲದಲ್ಲೇ ಇತ್ತು, ಸ್ಟೇರಿಂಗಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೆಳಿಗ್ಗೆ ಅಂಗಳದಲ್ಲಿ ಎರಡೂ ಗಾಡಿ. ಇವರು ಹಳೇದನ್ನು ಎಬ್ಬಿಸಿ ನಿಲ್ಲಿಸಿದ್ದರು, ಆರಿಸಿದರೆ ಮತ್ತೆ ಏಳಲಿಕ್ಕಿಲ್ಲವೆಂದು. ಅದರ ಗದ್ದಲದ ಮೇಲೆ ಗಂಟಲೆತ್ತಿ ಅಣ್ಣತಮ್ಮಂದಿರ ವಾದ: ಇವತ್ತು ಯಾವುದು ಹೋಗಬೇಕು? ಬಿಸಿಲು ಏರುತ್ತಿತ್ತು. ಜೀನತ ಗೇಟಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾ, ಇವರದು ಮುಗಿಯೂತನಾ ದತ್ತಪ್ಪನೂ ಉಂಡು ಮಲಗ್ತಾನ.”

“ನಿಮ್ಮ ದೊಡ್ಡ ಪರಾತ ತಗೊಂಡು ಬಾ” ಅಂದೆ. ಎಲ್ಲಿಂದ ಬಂತೋ ಆ ಮಾತು.

ಅವಳು ಯಾಕೆಂದು ಕೇಳಲಿಲ್ಲ. ಹಿಟ್ಟು ನಾದುವ ಪರಾತ, ಒಂದು ಸವಟು ತಂದಳು. ಕರೆಂಟಿನ ಗಾಡಿಯ ಕೀಲಿ ಅದರಲ್ಲೇ ಇತ್ತು. ಹತ್ತಿ ಕೂತೆ. ಗುಂಡಿ ಒತ್ತಿದೆ. ಸ್ಕ್ರೀನು ಬೆಳಗಿತು, ಅಷ್ಟೇ. ಬಲಗಾಲು ಮೆಲ್ಲಗೆ ಊರಿದೆ.

ಅವರ ಬೆನ್ನ ಹಿಂದಿನಿಂದಲೇ ಗೇಟು ದಾಟಿದೆವು. ಇಬ್ಬರಿಗೂ ಗೊತ್ತಾಗಲಿಲ್ಲ. ಸದ್ದಿಲ್ಲ ಎಂಬುದರ ಬಗ್ಗೆ ಅಷ್ಟು ಮಾತಾಡಿದವರಿಗೆ!

ಹುಣಸೆಮರದ ತಿರುವಿನಲ್ಲಿ ಜೀನತ ಪರಾತವನ್ನು ಕಿಟಕಿಯ ಹೊರಗೆ ಹಿಡಿದು ಬಾರಿಸತೊಡಗಿದಳು. ಢಣ್ ಢಣ್ ಢಣ್. “ತರ್ರಿ ಬೇ, ಬುಟ್ಟಿ ತರ್ರಿ! ಇವತ್ತ ಗಾಡಿ ನಮ್ಮದು!” ಬಾಗಿಲುಗಳು ತೆರೆದವು. ಹೆಂಗಸರು ಮೊದಲು ಪರಾತ ನೋಡಿದರು, ಆಮೇಲೆ ನನ್ನನ್ನು.

ಮುದುಕಿ ಮಲ್ಕಮ್ಮ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳು. “ಶೈಲವ್ವಾ, ನೀ ಹೊಡ್ಯಾಕತ್ತೀದಿ? ಕಾಲು?”

“ಎಡಗಾಲಿಗಿ ರಜಾ ಕೊಟ್ಟೇನಿ, ಮಲ್ಕಮ್ಮಾಯಿ.”

ದಾರಿಯ ಬಗ್ಗೆ ಹೆಚ್ಚು ಬರೆಯಲಾರೆ. ತೊಗರಿ ಹೊಲಗಳು ಹಳದಿ ಹೂ ಬಿಟ್ಟು ನಿಂತಿದ್ದವು. ಗಾಜು ಇಳಿಸಿದ್ದೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಹಕ್ಕಿಗಳ ಸದ್ದು ಒಳಗೆ ಬರುತ್ತಿತ್ತು. ಕೆಟ್ಟ ರಸ್ತೆಯಲ್ಲಿ ಜೀನತ ಹಿಂದೆ ತಿರುಗಿ ರೊಟ್ಟಿಗೆ “ಜರಾ ಸಂಭಾಳಿಸ್ಕೋರವ್ವಾ” ಎಂದು ಹೇಳುತ್ತಿದ್ದಳು. ಎರಡು ಕಡೆ ಕಣ್ಣು ಮಂಜಾಯಿತು. ಧೂಳಿರಬೇಕು.

ಊಟದ ಪಂಕ್ತಿ ಕೂರುವ ಮುಂಚೆ ಮುಟ್ಟಿದೆವು. ಜಗದೇವಪ್ಪನವರು ಬುಟ್ಟಿ ಬಿಚ್ಚಿ ಒಂದೊಂದೇ ಎತ್ತಿ ನೋಡಿದರು. “ಹಾಂ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಚಾರ್ಜಿಗೆ ಹಚ್ಚಿದೆ. ಕರೆಂಟು ಹೋಯಿತು. ಇವರ ಮಾತೇ ಖರೆಯಾಯಿತು! ಸಿಟ್ಟು ಬಂದು ಒಬ್ಬಳೇ ಬೈದೆ, ಯಾರನ್ನೆಂದು ಗೊತ್ತಿಲ್ಲ. ಮನೆ ಮುಟ್ಟುವಷ್ಟು ಉಳಿದಿಲ್ಲವೆಂದು ಸ್ಕ್ರೀನು ಕೆಂಪಗೆ ತೋರಿಸುತ್ತಿದೆ. ಮೊಬೈಲ್ ತುಂಬ ಇವರ ಮಿಸ್ಡ್ ಕಾಲ್. ತೆಗೆದರೆ ಏನು ಹೇಳಲಿ? ಬಾಜಾರಿನ ಕಡೆಯಿಂದ ಒಂದು ಸದ್ದು ಬರುತ್ತಿದೆ. ಕೆಮ್ಮು, ಆಮೇಲೆ ಗುರ್ರ್. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಬಂದರು

ಅದೇ ದಿನ. ಮನೆ, ದೀಪ ಹಚ್ಚುವ ಹೊತ್ತು

ಇವರು ಇಳಿದು ನೇರ ನನ್ನ ಕಡೆ ಬರಲಿಲ್ಲ. ಮೊದಲು ಗಾಡಿಯ ಸುತ್ತ ಒಂದು ಸುತ್ತು. ಆಮೇಲೆ ಡ್ರೈವರ್ ಬಾಗಿಲು ತೆರೆದು ಕೆಳಗೆ ನೋಡಿದರು. ಶೋರೂಮಿನಲ್ಲಿ ಸ್ಕ್ರೀನು ನೋಡಿದ್ದರು, ಬ್ಯಾಟರಿ ನೋಡಿದ್ದರು. ಕಾಲಿಡುವ ಜಾಗ ನೋಡಿರಲಿಲ್ಲ. ಪೆಡಲು ನೋಡಿದರು. ನನ್ನ ಚಪ್ಪಲಿ ನೋಡಿದರು. ಬಹಳ ಹೊತ್ತು.

“ನೀ ಹೇಳಬಾರದಿತ್ತೇನು?”

“ನೀವು ಕೇಳಬಾರದಿತ್ತೇನ್ರಿ?”

ಜೀನತ ಪರಾತ ಒರೆಸುವ ನೆಪದಲ್ಲಿ ಆಚೆ ಹೋದಳು.

ಹಳೇ ಗಾಡಿಯ ಹಿಂದೆ ದಪ್ಪ ಹಗ್ಗ ಸುತ್ತಿಟ್ಟಿತ್ತು. “ಯಾಕ ತಂದೀರಿ?” ಅಂದೆ. “ದಾರ್ಯಾಗ ನಿಂತಿದ್ರ ಎಳಕೊಂಡು ಹೋಗಾಕ” ಅಂದರು, ಮುಖ ಆಚೆ ಮಾಡಿ. ಕರೆಂಟು ಬರುವ ತನಕ ಮೂವರೂ ಅದೇ ನೆರಳಲ್ಲಿ ಕೂತು ಉಂಡೆವು. ಹಗ್ಗ ಬೇಕಾಗಲಿಲ್ಲ.

ಬರುವಾಗ ಇವರು ಮುಂದೆ, ನಾನು ಹಿಂದೆ. ಅಷ್ಟೂ ದಾರಿ ಹೊಗೆ ಕುಡಿದೆ. ಅದೊಂದನ್ನು ನಾಳೆ ಹೇಳಲೇಬೇಕು.

ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ

ಡೆಮೊ ಗಾಡಿ ಮರಳಿ ಹೋಯಿತು. ಹೊಸದು ಬುಕ್ ಮಾಡುವುದೆಂದು ಆಗಿದೆ. ಹಳೇದು ತೊಗರಿಗೆ ಇರುತ್ತದೆ. ಮುಗಿಯಿತಲ್ಲ ಎಂದುಕೊಂಡೆ. ಎಲ್ಲಿ!

ಈಗ ಪಕ್ಷ ಬದಲಾಗಿದೆ. ಗಾಣಗಾಪುರದಲ್ಲಿ ಕರೆಂಟು ಹೋದ ಕಥೆ ಕೇಳಿ ಮಹೇಶನಿಗೆ ಅನುಮಾನ. ಇವರು ಬ್ಯಾಟರಿಯ ವಕೀಲರಾಗಿ ‘ಟಾರ್ಕ್’ ಅನ್ನುತ್ತಿದ್ದಾರೆ. ಅಯ್ಯೋ ಶಿವನೇ.

ಕಟ್ಟೆಯ ಮೇಲಿನ ಮಾತು ಇಲ್ಲಿಗೇ ಕೇಳಿಸುತ್ತಿದೆ.

“ಆತು, ಬರಲಿ. ದಿನಾ ನಾನೇ ಹೊಡ್ಕೊಂಡು ಹೋಗ್ತೇನಿ” ಎಂದ ಮಹೇಶ.

“ನಿಮ್ಮ ವೈನಿ ಹೊಡೀತಾಳ. ನೀ ಬಾಜೂಕ ಕುಂತು ಪರಾತ ಬಡಿ.”

“ಪರಾತ ಯಾಕಣ್ಣಾ? ಹಳೇ ಗಾಡಿ ಸದ್ದು ರೆಕಾರ್ಡ್ ಮಾಡಿ ಸ್ಪೀಕರಿನಾಗ ಹಾಕಿದ್ರಾತು.”

“ಸ್ಪೀಕರಿಗಿ ಮತ್ತ ಕರೆಂಟ್ ಬೇಕಲ್ಲೋ!”

ಪರಾತ, ಸ್ಪೀಕರು, ಪರಾತ, ಸ್ಪೀಕರು. ಇನ್ನು ಗಾಡಿ ಬರುವ ತನಕ ಇದೇ.

ಮಾತು ನಿಂತಿತು. ಈಗ ಇವರು ಕರೆದರು, “ಶೈಲಾ, ಜರಾ ಬಾ ಇಲ್ಲಿ. ನೀನೇ ಹೇಳು, ಯಾವುದು ಮಾಡೂಣು?”

ಕಾಯಲಿ. ಈ ಸಾಲು ಮುಗಿಸಿ ಏಳುತ್ತೇನೆ. ಅವರಿಗೆ ಹೇಳಬೇಕಾದದ್ದು ಇಷ್ಟೇ, ಮೊದಲನೆಯದು ಆ ಹೊಗೆ, ಎರಡನೆಯದು ಹೊಸ ಗಾಡಿಯ ಕೀಲಿ, ಅದು ನನ್ನ ಕೈಯಲ್ಲೇ